ನಿಟ್ಟುಸಿರು ಬಿಡದ ಪ್ರೇಮಿ

"ಆಕೆಗೆ ಜ್ವರ ಬಂದ್ರೆ ಆ ಕವಿ ಏನ್ ಮಾಡ್ತಿದ್ದ, ಮೇಡಂ?"

ದೆಹಲಿಯ ಹೌಜ್ ಖಾಸ್‌ನಲ್ಲಿ ಸೇರಿದ್ದ ಕನ್ನಡಿಗರೆಲ್ಲ ಗೊಳ್ಳೆಂದು ನಕ್ಕರು. ಮಾತು ಮುಗಿಸಿ ನಿಂತಿದ್ದ ಧಾರಿಣಿಯ ಕೆನ್ನೆ ಕೆಂಪಾಯಿತು.

ಮೊದಲನೇ ಎಲಿಜಬೆತ್ ರಾಣಿಯ ಕಾಲದ ಪ್ರೇಮಕಾವ್ಯ ಅವಳ ಪಿಎಚ್‌ಡಿ ವಿಷಯ. ಅಲ್ಲಿನ ಆಸ್ಥಾನದ ಪ್ರೇಮಿ ದೂರ ನಿಂತು ನಿಟ್ಟುಸಿರು ಬಿಡುತ್ತಾನೆ. ಅವನು ಮೆಚ್ಚಿದ ಹೆಣ್ಣು ಒಲ್ಲೆ ಅನ್ನುತ್ತಾಳೆ. ಒಲ್ಲೆ ಅಂದಷ್ಟೂ ಅವನು ಹಾಡುತ್ತಾನೆ!

ಪ್ರಶ್ನೆ ಕೇಳಿದವನು ಮಹಂತೇಶ್, ಫರೀದಾಬಾದಿನ ಗೇರ್ ಕಾರ್ಖಾನೆಯ ಇಂಜಿನಿಯರ್. ಉತ್ತರವನ್ನೂ ಮುಂದೆ ಅವನೇ ಕೊಟ್ಟ. ಧಾರಿಣಿಗೆ ಡೆಂಗಿ ಬಂದಾಗ, ಮೆಟ್ರೋದಲ್ಲಿ ನೇತಾಡಿಕೊಂಡು ದಿನಾ ಗಂಜಿ ತಂದ.

ಅವಳು ಚೇತರಿಸಿಕೊಂಡ ಮೇಲೆ ಒಂದು ಸಂಜೆ ಕೇಳಿದ. "ನಿಮ್ಮನ್ನ ಮದುವೆ ಆಗೋಕೆ ನನಗಿಷ್ಟ. ನಿಮಗೆ?"

ಅಷ್ಟೇ. ಉಪಮೆಯಿಲ್ಲ, ರೂಪಕವಿಲ್ಲ!

ಧಾರಿಣಿಗೆ ಒಳಗೊಳಗೇ ಹಬ್ಬ. ಆದರೂ ಸ್ವಲ್ಪ ಹಾಡಿಸೋಣ ಎನ್ನಿಸಿತು. ಕಾವ್ಯದ ರಾಣಿಯರಂತೆ ಮುಖ ತಿರುಗಿಸಿ ಇಲ್ಲ ಎಂದಳು. ಮತ್ತೆ ಕೇಳ್ತಾನೆ... ಕೇಳಲೇಬೇಕು...

ಅವನು ಕೇಳಲಿಲ್ಲ. ಕೆಂಪು ದೀಪ ಹೊತ್ತಿದರೆ ಯಂತ್ರ ನಿಲ್ಲಿಸುವವನು ಅವನು. ಇಲ್ಲ ಅಂದರೆ ಇಲ್ಲ ಎಂದೇ ತಿಳಿದ.

ವಾರಗಳು ಕಳೆದವು. ಊಟ ಸೇರದೆ, ನಿದ್ದೆ ಬಾರದೆ, ಕಾವ್ಯದ ಪ್ರೇಮಿ ಪಡಬೇಕಾದ ಪಾಡನ್ನೆಲ್ಲ ಧಾರಿಣಿಯೇ ಪಟ್ಟಳು. ಪ್ರಬಂಧ ಬರೆಯುತ್ತ ಸಂಬಂಧವನ್ನೇ ಕಳೆದುಕೊಂಡೆನಾ?

ಭಾನುವಾರ ಬೆಳಿಗ್ಗೆ ರೂಮ್‌ಮೇಟ್ ಶ್ರೀವಿದ್ಯಾ ಸುದ್ದಿ ತಂದಳು. ಪೀತಂಪುರಾದಲ್ಲಿ ತನ್ನ ಚಿಕ್ಕಮ್ಮನಿರುವ ಅಪಾರ್ಟ್‌ಮೆಂಟಿಗೆ ಇವತ್ತು ಮಹಂತೇಶ್ ಹೆಣ್ಣು ನೋಡಲು ಬರುತ್ತಿದ್ದಾನಂತೆ.

ಧಾರಿಣಿ ಓಡಿದಳು. ಕರೆ ಮಾಡಿದರೆ ಅವನು ಎತ್ತಲಿಲ್ಲ. "ದರ್ವಾಜೇ ಬಾಯೀಂ ಓರ್ ಖುಲೇಂಗೇ", ಬಾಗಿಲು ಎಡಗಡೆ ತೆರೆಯುತ್ತದೆ, ಎಂದು ಮೆಟ್ರೋ ನಿಧಾನವಾಗಿ ರಾಗ ಎಳೆಯಿತು. ಬೇಗ ತೆರಿಯೇ ತಾಯಿ, ನನ್ನ ಬದುಕಿನ ಬಾಗಿಲು ಮುಚ್ಚಿಹೋಗ್ತಿದೆ...

ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಅವನು ಸಿಕ್ಕಿದ. ಅಣ್ಣ ಅತ್ತಿಗೆಯನ್ನು ಮೇಲೆ ಕಳಿಸಿ, ಹಣ್ಣು ಕೊಂಡು ಬರುತ್ತಿದ್ದ.

"ನಾನು ಇಲ್ಲ ಅಂದಿದ್ದು ಸುಳ್ಳು," ಎಂದಳು ಏದುಸಿರಿನಲ್ಲಿ. "ಮತ್ತೆ ಕೇಳ್ತೀರಿ ಅನ್ಕೊಂಡೆ."

ಅವನ ಮುಖ ಬಿಳಿಚಿತು. "ಬೇಡ ಅಂದವರ ಹಿಂದೆ ಬೀಳೋದನ್ನ ನಾನು ಪ್ರೀತಿ ಅನ್ನಲ್ಲ, ಧಾರಿಣಿ. ರಾತ್ರಿಯೆಲ್ಲ ನಿದ್ದೆ ಇರ್ಲಿಲ್ಲ. ಆದ್ರೂ ನಿಮ್ಮ ಮಾತನ್ನ ನಂಬಿದೆ."

ಅವಳ ಕಣ್ಣು ತುಂಬಿ ಹರಿಯಿತು. ತಾನು ಓದಿದ ಯಾವ ಕವಿತೆಯಲ್ಲೂ ಹೆಣ್ಣು ಹೀಗೆ ಬೀದಿಯಲ್ಲಿ ನಿಂತು ಬೇಡಿರಲಿಲ್ಲ.

"ಈಗ ನಾನು ಕೇಳ್ತೀನಿ. ನನ್ನ ಮದುವೆ ಆಗ್ತೀರಾ?"

ಮಹಂತೇಶ್ ಮೇಲಿನ ಬಾಲ್ಕನಿಯತ್ತ ನೋಡಿದ. "ಅಲ್ಲಿ ಆ ಹುಡುಗಿ ಸೀರೆ ಉಟ್ಟು ಕೂತಿರ್ತಾಳೆ. ಫೋನಲ್ಲಿ ಹೇಳಿ ಓಡಿಹೋಗೋಕಾಗಲ್ಲ. ಎದುರಿಗೆ ನಿಂತು ಕ್ಷಮೆ ಕೇಳ್ಬೇಕು."

"ಅಂದ್ರೆ... ಹೂಂ ಅಂತಲಾ?"

"ಹೂಂ ಅಂತಲೇ."

ಧಾರಿಣಿ ಕಣ್ಣೊರೆಸಿಕೊಂಡಳು. "ನಡೀರಿ, ನಾನೂ ಬರ್ತೀನಿ. ತಪ್ಪು ನಂದು. ಬೈಗುಳದಲ್ಲಿ ನನಗೂ ಪಾಲು ಬೇಕು."

"ಹುಡುಗಿಯ ಅಜ್ಜಿದು ಬಾಯಿ ಜೋರಂತೆ."

"ನೀವು ಪಕ್ಕದಲ್ಲಿ ಇರ್ತೀರಲ್ಲ?"

"ಪಕ್ಕದಲ್ಲಲ್ಲ," ಎಂದ ಅವನು, ಮೊದಲ ಬಾರಿ ಅವಳ ಕೈ ಹಿಡಿಯುತ್ತ. "ಒಂದು ಹೆಜ್ಜೆ ಮುಂದೆ."