ದಿಮಿತ್ರಾಳ ಕೂಗಿಗೆ ಓಗೊಟ್ಟ ಮುದುಕ

ಆಗಸ್ಟ್ ಹನ್ನೊಂದನೆಯ ತಾರೀಕು ಮಧ್ಯಾಹ್ನ ಅಥೆನ್ಸಿನ ಪ್ಲಾಕಾ ಠಾಣೆಗೆ ದೂರು ಬಂದಾಗ ಇನ್‌ಸ್ಪೆಕ್ಟರ್ ಆರ್ಗಿರಿಸ್ ಸ್ಕೂರಾಸ್ ಒಬ್ಬನೇ ಕೂತು ಉಪವಾಸದ ಊಟ ಮಾಡುತ್ತಿದ್ದ. ಎಣ್ಣೆ ಹಾಕದ ಬೇಯಿಸಿದ ಕಾಳು, ಅರ್ಧ ಈರುಳ್ಳಿ. ದೇವಮಾತೆಯ ಹಬ್ಬಕ್ಕೆ ಇನ್ನು ನಾಲ್ಕು ದಿನವಿತ್ತು. ಅಥೆನ್ಸಿನವರು ಮನೆಗೆ ಬೀಗ ಜಡಿದು ತಂತಮ್ಮ ಊರಿಗೆ, ದ್ವೀಪಕ್ಕೆ ಹೊರಟುಹೋಗಿದ್ದರು. ಹೋಗಲು ಊರಿಲ್ಲದವರು ಮತ್ತು ಪ್ರವಾಸಿಗರು ಮಾತ್ರ ಉಳಿದಿದ್ದರು. ಆರ್ಗಿರಿಸ್ ಪ್ರವಾಸಿಯಾಗಿರಲಿಲ್ಲ.

ಒಳಗೆ ಬಂದವರು ಇಬ್ಬರು ಹೆಂಗಸರು. ಮುಂದಿದ್ದವಳಿಗೆ ಐವತ್ತರ ಹತ್ತಿರ ವಯಸ್ಸು, ಅತ್ತು ಮುಖ ಊದಿತ್ತು. ಹಿಂದಿದ್ದವಳು ಎಳೆಯವಳು, ಕೈಯಲ್ಲಿ ಕೆಂಪು ಛತ್ರಿ. ಬಿಸಿಲಿರಲಿ ಇಲ್ಲದಿರಲಿ ಆ ಛತ್ರಿ ಎತ್ತಿ ಹಿಡಿದು ಗುಂಪನ್ನು ನಡೆಸಿಕೊಂಡು ಹೋಗುವುದು ಗೈಡುಗಳ ರೂಢಿ.

"ಹೆಸರು?"

"ಇವಾಂಥಿಯಾ. ಮೆಲ್ಬರ್ನಿನಿಂದ ಬಂದಿದೀನಿ. ಕಾಣೆಯಾದವರು ನಮ್ಮಪ್ಪ, ಥಿಯೊದೋಸಿಸ್. ಎಂಬತ್ತಮೂರು ವರ್ಷ."

"ಎಲ್ಲಿ ತಪ್ಪಿಸಿಕೊಂಡ್ರು?"

"ಪುರಾಣದ ನಡಿಗೆ ಅಂತ ಮಾಡ್ತಾರಲ್ಲ, ಕತೆ ಹೇಳ್ತಾ ಊರು ತೋರಿಸೋದು, ಅದರಲ್ಲಿ. ಬೆಟ್ಟದ ಬುಡದ ಸಣ್ಣ ಚರ್ಚಿನ ಹತ್ರ ನಿಂತಿದ್ವಿ. ಕತೆಗೆ ಕಿವಿ ಕೊಟ್ಟೆ, ಅಪ್ಪನ ಕೈ ಬಿಟ್ಟೆ."

"ಮಾತಾಡ್ತಾರಾ? ದಾರಿ ಕೇಳಬಲ್ಲರಾ?"

"ಇಲ್ಲ. ಮರೆವಿನ ಕಾಯಿಲೆ. ಮೊದಲು ಇಂಗ್ಲಿಷ್ ಹೋಯ್ತು. ಈ ವರ್ಷ ಗ್ರೀಕೂ ಹೋಯ್ತು. ಈಗ ಬರೀ ಶಬ್ದ. ಅರ್ಥ ಇಲ್ಲದ್ದು ಅಂತ ಡಾಕ್ಟ್ರು ಹೇಳಿದಾರೆ."

"ಹುಟ್ಟೂರು?"

"ಪಿರೇಯಸ್. ಅಪ್ಪ ಹಾಗಂತಲೇ ಹೇಳ್ತಿದ್ರು." ಅವಳು ಕೈಚೀಲ ತೆರೆದು ಒಂದು ಸೂಜಿಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. "ಸಾರ್, ಸಕ್ಕರೆ ಕಾಯಿಲೆ ಇದೆ. ಇನ್ಸುಲಿನ್ ನನ್ನ ಹತ್ರವೇ ಉಳೀತು. ಎರಡು ದಿನ ತಪ್ಪಿದ್ರೆ ಅಪ್ಪ ಉಳಿಯಲ್ಲ."

ಆರ್ಗಿರಿಸ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಎಫ್.ಐ.ಆರ್. ದಾಖಲಾಯಿತು.

ಕಾನ್‌ಸ್ಟೇಬಲ್ ಥೆಕ್ಲಾಳನ್ನು ಕರೆದುಕೊಂಡು ಅವನು ಸ್ಥಳಕ್ಕೆ ಹೋದ. ಆಕ್ರೊಪೊಲಿಸ್ ಬೆಟ್ಟದ ನೆರಳು ಬೀಳುವ ಕಿರಿದಾದ ಓಣಿ. ಒಂದು ಕಡೆ ಕೈ ಚಾಚಿದರೆ ಮಾಡು ತಾಕುವಷ್ಟು ಪುಟ್ಟ ಚರ್ಚು, ಅದಕ್ಕೆ ಆತುಕೊಂಡು ನಾಲ್ಕಾರು ಸುಣ್ಣದ ಮನೆ. ಇನ್ನೊಂದು ಕಡೆ ಹೋಟೆಲಿನ ಮೇಜು ಕುರ್ಚಿ. ಛತ್ರಿಯ ಹುಡುಗಿ ಮಿರ್ತೋ ತಾನು ನಿಲ್ಲುವ ಕಲ್ಲನ್ನು ತೋರಿಸಿದಳು.

"ಇಲ್ಲಿ ದಿಮಿತ್ರಾ ದೇವಿಯ ಕತೆ ಹೇಳ್ತೀನಿ. ಮಗಳನ್ನ ಪಾತಾಳದೊರೆ ಹೊತ್ಕೊಂಡು ಹೋಗ್ತಾನಲ್ಲ, ಆಗ ತಾಯಿ ಭೂಮಿಯೆಲ್ಲ ಸುತ್ತಿ ಕೂಗ್ತಾಳೆ. ಅದನ್ನ ಕೂಗೇ ತೋರಿಸ್ತೀನಿ. ಕೂಗದಿದ್ರೆ ಜನ ಫೋನ್ ನೋಡ್ಕೊಂಡು ನಿಂತಿರ್ತಾರೆ ಸಾರ್."

"ಎಲ್ಲಿ, ಕೂಗಮ್ಮ ನೋಡೋಣ," ಎಂದಳು ಥೆಕ್ಲಾ.

ಮಿರ್ತೋ ಛತ್ರಿಯನ್ನು ಗೋಡೆಗೆ ಒರಗಿಸಿ, ಎರಡೂ ಕೈಯೆತ್ತಿ ಕೂಗಿದಳು. ಕಲಿತ ಕೂಗೇ ಆದರೂ ಚರ್ಚಿನ ಮಾಡಿನಿಂದ ಪಾರಿವಾಳಗಳು ಎದ್ದು ಹಾರಿದವು.

"ನೀನು ಕೂಗಿದಾಗ ಅಜ್ಜ ಏನಾದರೂ ಅಂದರಾ?"

"ಅಂದ್ರು. 'ಮಾತಿ, ಮಾತಿ' ಅಂತ."

ಗ್ರೀಕಿನಲ್ಲಿ ಮಾತಿ ಎಂದರೆ ಕಣ್ಣು. ದೃಷ್ಟಿ ತಾಕುವುದಕ್ಕೂ ಅದೇ ಮಾತು.

ಹೋಟೆಲಿನ ಮಾಣಿ ಸ್ತಾಥಿಸ್ ಅದನ್ನೇ ಹೇಳಿದ. "ಹೌದು ಸಾರ್, ಮಾತಿ ಅಂತಿದ್ದ. ಆಮೇಲೆ 'ಇಯೊ, ಇಯೊ' ಅಂತ ಶುರು ಮಾಡಿದ. ಇಯೊ ಅಂದ್ರೆ ವೈರಸ್ಸು ತಾನೇ? ಕಣ್ಣಿಗೆ ಏನೋ ಅಂಟುರೋಗ ಬಂದಿದೆ ಅಂದ್ಕೊಂಡು ದೂರ ಸರಿದೆ. ನಮ್ಮದು ನಾಲ್ಕು ಜನ ಉಣ್ಣೋ ಜಾಗ."

"ಒಬ್ಬನೇ ಹೋದನೇ?"

"ಇಲ್ಲ, ಯಾರೋ ಮುದುಕಿ ಕೈ ಹಿಡ್ಕೊಂಡು ಚರ್ಚಿನ ಕಡೆ ನಡೆದಳು. ಕರಿ ಉಡುಗೆ, ಕರಿ ತಲೆವಸ್ತ್ರ."

"ಮುಖ?"

"ಮಧ್ಯಾಹ್ನದ ಹೊತ್ತಲ್ಲಿ ನಾನು ಮುದುಕೀರ ಮುಖ ನೋಡ್ಕೊಂಡು ನಿಂತ್ರೆ ಯಜಮಾನ ನನ್ನ ಮುಖ ನೋಡಲ್ಲ ಸಾರ್. ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗ್ತಾಳೆ, ಪುಣ್ಯಾತ್ಗಿತ್ತಿ, ಅಂದ್ಕೊಂಡೆ."

ಓಣಿಯ ಮನೆಗಳ ಬಾಗಿಲು ತಟ್ಟಿದರು. ಒಂದರಲ್ಲೂ ಸದ್ದಿಲ್ಲ. ಆಗಸ್ಟಿನಲ್ಲಿ ಮುಚ್ಚಿದ ಬಾಗಿಲಿಗೆ ಅಥೆನ್ಸಿನಲ್ಲಿ ಒಂದೇ ಅರ್ಥ. ಥೆಕ್ಲಾ ಮಹಜರಿನಲ್ಲಿ ಒಂದೊಂದು ಮನೆಗೂ "ಮನೆಯವರು ಊರಿಗೆ" ಎಂದು ಬರೆದಳು. ಮಾಣಿಯೂ ಮಿರ್ತೋಳೂ ಪಂಚರಾಗಿ ಸಹಿ ಹಾಕಿದರು.

ಮುದುಕನ ಚಿತ್ರ ಸಂಜೆಯ ಟೀವಿಯಲ್ಲಿ ಬಂತು. ಆ ರಾತ್ರಿಯೂ ಮರುದಿನವಿಡೀ ಪೊಲೀಸರು ಕಣ್ಣಿನ ಹಿಂದೆಯೇ ಅಲೆದರು: ಆಸ್ಪತ್ರೆ, ದವಾಖಾನೆ, ಕನ್ನಡಕದಂಗಡಿ. ದೃಷ್ಟಿ ತೆಗೆಯುವ ಹೆಂಗಸರನ್ನೂ ಬಿಡಲಿಲ್ಲ. ಹನ್ನೆರಡನೆಯ ತಾರೀಕಿನ ಇಳಿಹೊತ್ತಿಗೆ ಥೆಕ್ಲಾ ಠಾಣೆಗೆ ಬಂದು ಬೂಟು ಬಿಚ್ಚಿ ಕೂತಳು.

"ಅಥೆನ್ಸಿನ ಅಷ್ಟೂ ಕಣ್ಣು ನೋಡಿ ಬಂದೆ ಸಾರ್. ಈಗ ನನ್ನವೇ ಕಾಣ್ತಿಲ್ಲ."

ಮೂಲೆಯ ಬೆಂಚಿನ ಮೇಲೆ ಇವಾಂಥಿಯಾ ಕೂತೇ ಇದ್ದಳು. "ಅಪ್ಪನಿಗೆ ಕಣ್ಣಿನ ತೊಂದರೆ ಯಾವತ್ತೂ ಇರಲಿಲ್ಲ," ಎಂದಳು, ಯಾರಿಗೆಂದಿಲ್ಲದೆ. ನಿನ್ನೆಯಿಂದ ಅವಳು ಹೇಳುತ್ತಿದ್ದುದೂ ಅದನ್ನೇ. ಮೊದಲ ಸಲವೇ ಅದನ್ನು ಕಿವಿಗೆ ಹಾಕಿಕೊಳ್ಳಬೇಕಿತ್ತು ಎಂದು ಆರ್ಗಿರಿಸನಿಗೆ ಆಗ ಅನ್ನಿಸಿತು.

ಅವನು ಎದ್ದು ಹೊರಗೆ ಬಂದ. ಹಬ್ಬಕ್ಕೆ ಮುಂಚಿನ ಹದಿನೈದು ದಿನ ಸಂಜೆ ಸಂಜೆ ದೇವಮಾತೆಗೆ ಮೊರೆಯಿಡುವ ಹಾಡು ಎಲ್ಲ ಚರ್ಚುಗಳಲ್ಲೂ ನಡೆಯುತ್ತದೆ. ತಾಯಿ ಇದ್ದಾಗ ಅವಳ ಸೆರಗು ಹಿಡಿದು ನಿಂತು ಕೇಳಿದ್ದ; ಓದಿ ಕಲಿತದ್ದಲ್ಲ, ಕಿವಿಯಲ್ಲೇ ಉಳಿದದ್ದು. ತಾಯಿ ಹೋದ ಮೇಲೂ ಒಂದು ವರ್ಷವೂ ತಪ್ಪಿಸಿರಲಿಲ್ಲ. ಡ್ಯೂಟಿಯ ಉಡುಪಿನಲ್ಲೇ ಕೇರಿಯ ಚರ್ಚಿನ ಹೊಸ್ತಿಲಲ್ಲಿ ನಿಂತು ಶಿಲುಬೆಯ ಗುರುತು ಮಾಡಿಕೊಂಡ. ಒಳಗೆ ಬೆರಳೆಣಿಕೆಯ ಜನ. ಪಾದ್ರಿ ನೆಕ್ತಾರಿಯೊಸ್ ಎಳೆದು ಹಾಡುತ್ತಿದ್ದರು. ದೇವರ ತಾಯೇ ಎನ್ನುವ ಸಾಲು ಬಂತು. ಹಳೆಯ ಗ್ರೀಕಿನಲ್ಲಿ ತಾಯಿಗೆ ಮಿತಿರ್.

ಮಿತಿರ್. ಮಿತಿರ್. ಮಾತಿ.

ಆರ್ಗಿರಿಸ್ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನನ್ನು ದಕ್ಷಿಣದ ಲಿಯೊನಿದಿಯೊಗೆ ಹಾಕಿದ್ದರು. ಅದು ತ್ಸಕೋನಿಯಾ ಸೀಮೆ. ಅಲ್ಲಿನ ಬೆಟ್ಟದ ಜನಕ್ಕೆ ತಮ್ಮದೇ ಒಂದು ಮಾತಿದೆ. ಬೇರೆ ಗ್ರೀಕರಿಗೆ ಅದರ ತಲೆಬುಡ ತಿಳಿಯದು. ಅವನು ಬಾಡಿಗೆಗಿದ್ದ ಮನೆಯ ಒಡತಿ ಹಾಸಿಗೆ ಹಿಡಿದ ತನ್ನ ತಾಯಿಯನ್ನು ಮಾತಿ ಎಂದು ಕರೆಯುತ್ತಿದ್ದಳು. ಮುದುಕಿ ಒಳಗಿನಿಂದ ಇಯೊ, ಇಯೊ ಎನ್ನುವಳು. ಇವಳು ನೀರಿನ ಲೋಟ ಹಿಡಿದು ಓಡುವಳು.

ಥಿಯೊದೋಸಿಸನಿಗೆ ಕಣ್ಣು ನೋಯುತ್ತಿರಲಿಲ್ಲ. ಮಗುವಿಗಾಗಿ ತಾಯಿ ಕೂಗಿದ್ದು ಕೇಳಿ ಅಮ್ಮಾ ಎಂದು ಓಗೊಟ್ಟಿದ್ದ. ಆಮೇಲೆ ನೀರು ಕೇಳಿದ್ದ.

ಹಾಡು ಮುಗಿಯುವವರೆಗೆ ಅವನು ಕಾಯಲಿಲ್ಲ. ಪಾದ್ರಿಯ ಕೈಗೆ ಮುತ್ತಿಟ್ಟು ಕಿವಿಯಲ್ಲಿ ಕೇಳಿದ. "ಫಾದರ್, ನಿಮ್ಮ ಕೇರಿಯಲ್ಲಿ ತ್ಸಕೋನಿಯಾ ಕಡೆಯವರು ಯಾರಿದ್ದಾರೆ?"

"ಪೊಲಿತೀಮಿ ಇದ್ದಾಳಲ್ಲ. ಬೆಟ್ಟದ ಬುಡದ ಸಣ್ಣ ಚರ್ಚು ಗುಡಿಸಿ ದೀಪ ಹಚ್ಚೋಳು. ಆ ಚರ್ಚಿನ ಮಗ್ಗುಲಿಗೇ ಮನೆ."

"ಊರಿಗೆ ಹೋಗಿದ್ದಾಳಾ?"

"ಅವಳಿಗೆ ಯಾವ ಊರಪ್ಪ? ಊರ ಮನೆ ಎಂದೋ ಮಾರಿಹೋಯ್ತು. ಜ್ವರ ಬಂದಾಗಲೂ ಪ್ರಾರ್ಥನೆ ತಪ್ಪಿಸಿದವಳಲ್ಲ. ಈಗ ಎರಡು ಸಂಜೆಯಿಂದ ಕಾಣಲಿಲ್ಲ."

"ಯಾಕೆ ಅಂತ ಹೋಗಿ ನೋಡಲಿಲ್ವಾ ಫಾದರ್?"

ಪಾದ್ರಿ ಪುಸ್ತಕ ಮುಚ್ಚಿದರು. "ನೋಡಬೇಕಿತ್ತು."

ಇನ್ನೂ ಬೆಳಕಿತ್ತು. ಮನೆ ಶೋಧಿಸಬೇಕಾದರೆ ಸರ್ಕಾರಿ ವಕೀಲರ ಕಡೆಯವರು ಜೊತೆಗಿರಬೇಕು. ಪ್ರಾಣಕ್ಕೆ ಕುತ್ತಿದ್ದಾಗ ಕಾಯಬೇಕಾಗಿಲ್ಲ. ಆಂಬುಲೆನ್ಸಿಗೆ ಹೇಳಿ, ಆರ್ಗಿರಿಸ್ ಥೆಕ್ಲಾಳೊಂದಿಗೆ ಓಣಿಗೆ ಬಂದ. ನಿನ್ನೆ "ಮನೆಯವರು ಊರಿಗೆ" ಎಂದು ಬರೆದ ಬಾಗಿಲುಗಳಲ್ಲಿ ಮೂರನೆಯದು. ಕಿವಿಗೊಟ್ಟರೆ ಒಳಗೆ ಹೆಣ್ಣುದನಿಯ ಪಿಸುಮಾತು, ನಡುನಡುವೆ ಸಣ್ಣ ನಗು.

"ಅಮ್ಮಾ ಪೊಲಿತೀಮಿ, ಬಾಗಿಲು ತೆಗೀರಿ. ಪೊಲೀಸ್."

ನಗು ನಿಂತಿತು. ಬಾಗಿಲು ತೆರೆಯಲಿಲ್ಲ.

"ಒಡೆಯೋ ಹಾಗೆ ಮಾಡಬೇಡಿ ಅಮ್ಮಾ. ಅವರಿಗೆ ಔಷಧಿ ಬೇಕು."

ಅಗುಳಿ ಸರಿಯಿತು. ಅರವತ್ತು ದಾಟಿದ, ಕರಿಯುಡುಗೆಯ ಸಣಕಲು ಹೆಂಗಸು. "ಯಾವ ಔಷಧಿ?" ಎಂದಳು.

ಒಂದೇ ಕೋಣೆ. ಕಿಟಕಿಗೆ ಪರದೆ. ಹಾಸಿಗೆಯ ಮೇಲೆ ಥಿಯೊದೋಸಿಸ್ ದಿಂಬಿಗೆ ಒರಗಿದ್ದ. ಮೈ ತೊಳೆದು, ತಲೆ ಬಾಚಿ, ಶುಭ್ರವಾದ ಅಂಗಿ ತೊಡಿಸಿದ್ದರು. ಪಕ್ಕದಲ್ಲಿ ಸುಲಿದಿಟ್ಟ ಅಂಜೂರ, ದ್ರಾಕ್ಷಿ ಗೊಂಚಲು, ಖಾಲಿಯಾದ ನೀರಿನ ಹೂಜಿ. ಅವನ ತುಟಿ ಸೀಳುಬಿಟ್ಟಿತ್ತು, ಕಣ್ಣು ಅರೆಮುಚ್ಚಿತ್ತು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ.

"ಇಯೊ," ಎಂದ ಮೆಲ್ಲಗೆ.

ಪೊಲಿತೀಮಿ ಅಭ್ಯಾಸದಂತೆ ಹೂಜಿಯ ಕಡೆ ತಿರುಗಿದಳು. "ನಿನ್ನೆಯಿಂದ ನೀರು ಕೇಳ್ತಾನೇ ಇದಾನೆ. ಕೇಳಿದಾಗೆಲ್ಲ ಕೊಟ್ಟಿದೀನಿ, ಒಂದು ಸಲವೂ ಬೇಸರ ಮಾಡ್ಕೊಳ್ಳಲಿಲ್ಲ."

"ಅದು ಬಾಯಾರಿಕೆ ಅಲ್ಲಮ್ಮಾ," ಎಂದಳು ಥೆಕ್ಲಾ. "ಕಾಯಿಲೆ. ಸಕ್ಕರೆ ಏರಿದೆ."

ಪೊಲಿತೀಮಿ ಅಂಜೂರದ ತಟ್ಟೆಯನ್ನು ನೋಡಿದಳು. ಖಾಲಿ ಹೂಜಿಯನ್ನು ಎತ್ತಿಕೊಂಡಳು. ಎರಡೂ ಕೈಯಿಂದ ಅದನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕೂತಳು. ಸ್ಟ್ರೆಚರ್ ಹೊರಟಾಗ ಮುದುಕ ಕತ್ತು ಹೊರಳಿಸಿ, "ಮಾತಿ," ಎಂದು ಕರೆದ. ಓಣಿಯಲ್ಲಿ ಓಡಿಬರುತ್ತಿದ್ದ ಮಗಳು ಆ ಸದ್ದು ಕೇಳಿ ನಿಂತುಬಿಟ್ಟಳು.

"ಏನು ಹಾಗಂದ್ರೆ? ದಿನಾ ಅದನ್ನೇ ಅಂತಾರೆ."

"ಅಮ್ಮ ಅಂತ," ಎಂದ ಆರ್ಗಿರಿಸ್. "ನಿಮ್ಮಪ್ಪ ಅರ್ಥವಿಲ್ಲದ್ದು ಒಂದೂ ಆಡಿಲ್ಲ."

ಆಸ್ಪತ್ರೆಯಿಂದ ಬೆಳಗ್ಗೆ ಸುದ್ದಿ ಬಂತು. ಗಂಡಾಂತರ ಕಳೆಯಿತು, ಆದರೆ ಇನ್ನೊಂದು ಗಳಿಗೆ ತಡವಾಗಿದ್ದರೆ ಹೇಳುವಂತಿರಲಿಲ್ಲ. ಅಸಹಾಯಕನನ್ನು ಅಕ್ರಮವಾಗಿ ಇಟ್ಟುಕೊಂಡು ಪ್ರಾಣಾಪಾಯಕ್ಕೆ ಗುರಿಮಾಡಿದ್ದಕ್ಕಾಗಿ ಪೊಲಿತೀಮಿಯನ್ನು ಬಂಧಿಸಲಾಯಿತು. ಹದಿಮೂರರ ಬೆಳಗ್ಗೆ ಆರ್ಗಿರಿಸ್ ಅವಳ ಹೇಳಿಕೆ ಪಡೆದ.

"ಅವರಿಗೆ ಮನೆಯವರು ಇರ್ತಾರೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಟೀವಿಯಲ್ಲಿ ನೋಡಿದ್ರಾ?"

"ಅವನ ಮುಖ ಬಂತು. ತಟ್ಟನೆ ಆರಿಸಿದೆ. ಪೂರ್ತಿ ಕೇಳಿದ್ರೆ ಕಾಯಿಲೆ ವಿಷಯ ಗೊತ್ತಾಗ್ತಿತ್ತು, ಅಲ್ವಾ?"

"ಆಗ್ತಿತ್ತು."

ಅವಳು ತಲೆದೂಗಿದಳು. ತಪ್ಪಿಸಿಕೊಳ್ಳುವ ಮಾತಾಡಲಿಲ್ಲ.

"ಪೊಲೀಸರು ಬಾಗಿಲು ತಟ್ಟಿದಾಗ?"

"ಅವನ ಬಾಯಿ ಮೇಲೆ ಕೈ ಇಟ್ಟೆ. ಆಟ ಅಂದ್ಕೊಂಡು ನಕ್ಕ."

"ಹುಟ್ಟೂರು ಪಿರೇಯಸ್ ಅಂತ ಮಗಳಿಗೆ ಹೇಳಿದ್ದಾರಂತೆ."

"ಮತ್ತೇನು ಹೇಳ್ತಾನೆ? ನಮ್ಮ ಮಾತು ಬಾಯಿಗೆ ಬಂದ್ರೆ ಶಾಲೆಯಲ್ಲಿ ಕೋಲು ಮುರಿಯೋ ಹಾಗೆ ಬಡೀತಿದ್ರು. ಪಟ್ಟಣಕ್ಕೆ ಬಂದೋರು ಕುರಿ ಕಾಯೋರ ಭಾಷೆ ಅಂತ ನಾಲಿಗೆಯ ಕೆಳಗೆ ಬಚ್ಚಿಟ್ಟು ಬದುಕಿದ್ರು. ನಾನೂ ಹಾಗೇ. ಅಕ್ಕನ ಜೊತೆ ಮಾತ್ರ ಆಡ್ತಿದ್ದೆ. ಅಕ್ಕ ಮಣ್ಣಿಗೆ ಹೋದಳು, ಮಾತೂ ಹೋಯ್ತು. ಆಮೇಲೆ ಬೆಕ್ಕಿಗೆ ಹೇಳಿ ನೋಡಿದೆ. ಬೆಕ್ಕು ಅಥೆನ್ಸಿನದು."

ಥೆಕ್ಲಾ ನಗಲು ಹೋಗಿ ತಡೆದುಕೊಂಡಳು.

"ಬಾಗಿಲು ಸಂದಿಯಿಂದ ನೋಡ್ತೀನಿ, ಬಿಸಿಲಲ್ಲಿ ನಿಂತು ಮಾತಿ ಅಂತಿದಾನೆ. ನಾನು ಹೆತ್ತವಳಲ್ಲ ಸಾರ್. ಆ ಹೆಸರಿಂದ ನನ್ನನ್ನ ಯಾರೂ ಕರೆದಿಲ್ಲ. ನೀರು ಕೊಟ್ಟು ಕಳಿಸೋಣ ಅಂತಲೇ ಒಳಗೆ ಕರೆದೆ. ಆದರೆ ಅವನು ಮಾತಾಡ್ತಾ ಹೋದ. ಊರ ಬಾವಿ, ಹಿಟ್ಟಿನ ಗಿರಣಿ, ಕತ್ತೆ ಹೆಸರು. ಹಬ್ಬ ಮುಗಿಯಲಿ, ಬಿಡ್ತೀನಿ ಅಂದ್ಕೊಂಡೆ."

ಆರ್ಗಿರಿಸ್ ಅಪರಾಧದ ಉದ್ದೇಶ ಎನ್ನುವ ಕಡೆ "ಸ್ವಂತ ಲಾಭ ಕಂಡುಬಂದಿಲ್ಲ" ಎಂದು ಬರೆದ. ಬರೆದದ್ದು ಸರಿಯೆನಿಸಲಿಲ್ಲ. ಹೊಡೆದುಹಾಕಿ "ಮಾತಾಡಲು ಜನವಿರಲಿಲ್ಲ" ಎಂದು ತಿದ್ದಿದ.

"ಬಂಧನದ ಸುದ್ದಿ ಯಾರಿಗಾದರೂ ತಿಳಿಸಬೇಕು, ಅಮ್ಮಾ. ನಿಯಮ. ಯಾರಿಗೆ ತಿಳಿಸಲಿ?"

ಅವಳು ತಲೆವಸ್ತ್ರದ ಗಂಟು ಬಿಗಿದುಕೊಂಡಳು.

"ಆ ಛತ್ರಿ ಹುಡುಗಿಗೆ ತಿಳಿಸಿ. ದಿನಾ ಬಂದು ಬಾಗಿಲ ಮುಂದೆ ಮಗಳಿಗಾಗಿ ಕೂಗ್ತಾಳಲ್ಲ, ನಾನು ಒಳಗಿಂದ ಓಗೊಡ್ತೀನಿ. ಎಷ್ಟೋ ವರ್ಷದಿಂದ. ಇವತ್ತು ನಾನಿರಲ್ಲ ಅಂತ ಹೇಳಿ. ಪಾಪ, ಕಾದಾಳು."

ಆರ್ಗಿರಿಸ್ ಕಿಟಕಿಯ ಬಳಿಗೆ ಹೋಗಿ ಫೋನ್ ಮಾಡಿದ. ಅತ್ತ ಕಡೆ ಗುಂಪಿನ ಗದ್ದಲ. ನಡಿಗೆ ಆಗಲೇ ಹೊರಟಿತ್ತು.

"ಮಿರ್ತೋ, ಪೊಲಿತೀಮಿ ಇವತ್ತು ಮನೆಯಲ್ಲಿರಲ್ಲ. ನಿನಗೆ ತಿಳಿಸೋಕೆ ಹೇಳಿದಾರೆ."

"ಯಾವ ಪೊಲಿತೀಮಿ ಸಾರ್?"

"ನೀನು ಕೂಗೋ ಕಲ್ಲಿನ ಎದುರು ಬಾಗಿಲು."

"ಆ ಮನೆಯಲ್ಲಿ ಜನ ಇದಾರಾ?"

ಆರ್ಗಿರಿಸ್ ಹಿಂತಿರುಗಿ ನೋಡಿದ. ಪೊಲಿತೀಮಿ ಕುರ್ಚಿಯ ತುದಿಗೆ ಸರಿದು ಕೂತು ಅವನ ಮುಖವನ್ನೇ ನೋಡುತ್ತಿದ್ದಳು.

"ಏನಂದಳು?"

"ಬೇಜಾರು ಮಾಡ್ಕೊಂಡಳು," ಎಂದ ಆರ್ಗಿರಿಸ್. ಬಂದು ಕೂತು, ಹಾಳೆಯ ಕೊನೆಯ ಸಾಲಿನಲ್ಲಿ ತಿಳಿಸಲಾಗಿದೆ ಎಂದು ಬರೆದ.