ಪಟಿಕ ಬೆಳೆಯೋ ಬಾವ

"ನೋಡ್ರವ್ವಾ! ಊರೋರೆಲ್ಲ ರಾಗಿ ಬೆಳೆದ್ರೆ ನಮ್ಮತ್ತೆ ಮಗ ಪಟಿಕ ಬೆಳೀತಾವ್ನೆ! ಇವನ್ನ ಕಟ್ಕೊಂಡೋಳು ಮುದ್ದೆ ಬದ್ಲು ಪಟಿಕ ನುಂಗ್ಬೇಕು!"

ಪುಟ್ಟಸಿದ್ದಮ್ಮ ಕೂಗಿದ ಮಾತಿಗೆ ಹುಣಸೂರು ಸಂತೆಯೇ ಗೊಳ್ಳೆಂದಿತು. ಪಟಿಕದ ಪೊಟ್ಟಣ ಕಟ್ಟಿಸಿಕೊಳ್ಳುತ್ತಿದ್ದ ಕಂಠಪ್ಪನ ಕಿವಿ ಕೆಂಪಾಯಿತು. ಬಾಯಿ ಮಾತ್ರ ತೆರೆಯಲಿಲ್ಲ.

ಅಯ್ಯೋ, ತಿರುಗಿಸಿ ಬಯ್ಯಲಾದರೂ ಬಾರದೇ ಇವನಿಗೆ!

ನಾಳೆ ಅಂತರಸಂತೆ ಊರಿನ ಗಂಡು ಅವಳನ್ನು ನೋಡಲು ಬರುವವನಿದ್ದ. ಬಾವ ಇವತ್ತೇ ಅಪ್ಪನ ಮುಂದೆ ನಿಂತು 'ಸಿದ್ದಿಯನ್ನು ನನಗೆ ಕೊಡಿ' ಎಂದರೆ ಸಾಕಿತ್ತು. ಅಕ್ಕನ ಮಗನಿಗೆ ಅಪ್ಪ ಇಲ್ಲವೆನ್ನುತ್ತಿದ್ದನೇ? ಆದರೆ ಇವನು... ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಪಟಿಕದ ನೀರಿನಲ್ಲಿ ಬೆಳೆಸಿದ ಹೊಳೆಯುವ ಹರಳು ಕಂಡು ಬಂದಾಗಿನಿಂದ ಇವನಿಗೆ ಅದೇ ಹುಚ್ಚು!

ಸಂಜೆ ಅತ್ತೆ ಮನೆಗೆ ನುಗ್ಗಿದಳು. ಕಂಠಪ್ಪ ಬರಿಮೈಯಲ್ಲಿ, ಪಾತ್ರೆಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದ. ಕೈಯಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಹರಳು.

"ಅಲ್ಲಾಡಿಸ್ಬ್ಯಾಡ ಸಿದ್ದಿ! ಕುದಿಯೋ ನೀರು ಎಷ್ಟು ಕುಡೀತೋ ಅಷ್ಟೂ ಪಟಿಕ ಕರಗ್ಸಿವ್ನಿ. ತಣ್ಗಾದ್ರೂ ಎಲ್ಲಾ ಒಟ್ಟೇಲಿಟ್ಕಂಡು ಕುಂತದೆ. ಈ ಹರಳು ಇಳಿಬಿಟ್ರೆ ಇದ್ರ ಮೇಲೇ ಕೂತು ದೊಡ್ಡದಾಯ್ತದೆ. ಬ್ಯಾರೆ ಚೂರು ಬಿದ್ರೆ ಅಷ್ಟೂ ಈಚೆಗೆ ಬಂದ್ಬುಡ್ತದೆ!"

"ನಿನಗಿಂತ ಆ ನೀರೇ ವಾಸಿ ಕಣ ಬಾವ! ನಿನ್ನ ಬಾಯಿಂದ ಒಂದು ಮಾತೂ ಈಚೆಗೆ ಬರಾಕಿಲ್ವಲ್ಲಾ!"

ಪಕ್ಕದಲ್ಲಿದ್ದ ಪೊಟ್ಟಣದಿಂದ ಒಂದು ಹಿಡಿ ಬಾಚಿ ಪಾತ್ರೆಗೆ ಎಸೆದೇಬಿಟ್ಟಳು. ಕಣ್ಣೆದುರೇ ತಿಳಿನೀರು ಮಬ್ಬಾಯಿತು. ತಳದಲ್ಲಿ ಅಕ್ಕಿನುಚ್ಚಿನಂತೆ ಪಟಿಕ ಗುಡ್ಡೆಬಿತ್ತು.

"ಹಾಳ್ಮಾಡ್ಬುಟ್ಯಲ್ಲೇ!" ಕಂಠಪ್ಪ ಕಿರುಚಿದ. "ನಿಂಗೇ ಕಣೇ ಅದು! ಕಲ್ಲು ದೊಡ್ಡದಾದ್ಮೇಲೆ ಮೂಗುಬೊಟ್ಟು ಮಾಡ್ಸಿ, ಅದನ್ನಿಟ್ಕಂಡೇ ಮಾವನ್ನ ಕೇಳವಾ ಅಂತಿದ್ದೆ!"

ಅವಳು ಬೆಪ್ಪಾದಳು. ಇಷ್ಟು ದಿನ... ತನಗಾಗಿಯೇ?

"ಪಟಿಕದ ಮೂಗುಬೊಟ್ಟಾ? ಮುಖ ತೊಳೆದ್ರೆ ಕರಗೋಯ್ತದೆ ಕಣೋ, ಪೆದ್ದು ಬಾವ!"

ಅವನು ಕೈಯಲ್ಲಿದ್ದ ಹರಳನ್ನು ನೋಡಿದ. ಅದು ಅವನಿಗೆ ಹೊಳೆದೇ ಇರಲಿಲ್ಲ!

ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು.

"ನಂಗ್ಯಾವ ಕಲ್ಲೂ ಬ್ಯಾಡ. ಬರಿಮೂಗಲ್ಲೇ ಬತ್ತೀನಿ, ನೀನಿದ್ರೆ ಸಾಕು. ಅಪ್ಪನ್ನ ಕೇಳ್ತೀಯೋ ಇಲ್ವೋ? ಅದನ್ನೇಳು ಮೊದ್ಲು!"

ಕಂಠಪ್ಪ ಕೈಯಲ್ಲಿದ್ದ ದಾರವನ್ನು ನೆಲಕ್ಕೆ ಬಿಟ್ಟ. ಎದ್ದ. ಹೊಸ್ತಿಲು ದಾಟಿ ನಡೆದೇಬಿಟ್ಟ!

ಮತ್ತೆ ಹೊಲದ ಕಡೆ ತಪ್ಪಿಸಿಕೊಂಡು ಹೋದನೇ! ಅವಳು ಬಾಗಿಲಿಗೆ ಓಡಿದಳು.

ಅವನು ಹೊಲದ ದಾರಿ ಹಿಡಿದಿರಲಿಲ್ಲ. ಬೀದಿಯ ಕೊನೆಯಲ್ಲಿ, ಅವಳಪ್ಪ ಕೂತಿದ್ದ ಜಗಲಿಯ ಕಡೆಗೇ ದಾಪುಗಾಲು ಹಾಕುತ್ತಿದ್ದ.

"ಬಾವಾ... ಅಂಗಿನಾದ್ರೂ ಹಾಕ್ಕಂಡೋಗೋ!"

ಅವನು ಬರಿಮೈಯಲ್ಲೇ ನಡೆಯುತ್ತಲೇ ಹೋದ.