ಮೂವತ್ತೇಳರ ಡಾಲರ್

“ಯಾವ ಡಾಲರ್ ಕೊಟ್ಟೆ ಅಂದೆ?” ಅಜ್ಜಿ ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ತಟ್ಟೆಗೆ ಹಾಕಿದಳು.

“ಸಾವಿರದ ಒಂಬೈನೂರ ಮೂವತ್ತೇಳರದ್ದು. ತಾತನ ಡಬ್ಬೀಲಿತ್ತಲ್ಲ, ಅದು,” ಎಂದಳು ಟೆಸ್. “ಅದಕ್ಕೆ ವೆಂಡೆಲ್ ನಾಲ್ಕು ಬೆಳ್ಳಿ ಅರ್ಧ ಡಾಲರ್ ಕೊಟ್ಟ. ನಾಲ್ಕು, ಅಜ್ಜಿ.”

ಓಹಾಯೋದ ಆ ಸಣ್ಣ ಊರಿನಲ್ಲಿ ತಿಂಗಳಿಗೊಂದು ಶನಿವಾರ ಫೈರ್ ಸ್ಟೇಷನ್ನಿನ ಹಾಲ್‌ನಲ್ಲಿ ನಾಣ್ಯದ ಕ್ಲಬ್ ಸೇರುತ್ತಿತ್ತು. ಎಂಥ ಒಳ್ಳೆಯ ಶನಿವಾರಗಳವು! ಟೆಸ್, ವೆಂಡೆಲ್‌ರಂಥ ಮಕ್ಕಳಿಗೂ ಒಂದು ಮೇಜು ಇರುತ್ತಿತ್ತು. ಅಲ್ಲಿ ನಾಣ್ಯ ಬದಲಾಯಿಸಿಕೊಂಡು ಕೈ ಕುಲುಕಿದರೆ ಮುಗಿಯಿತು, ಕೊಟ್ಟಿದ್ದನ್ನು ವಾಪಸ್ ಕೇಳುವಂತಿಲ್ಲ. ಆ ನಿಯಮ ಮಾಡಿದ್ದೇ ಟೆಸ್‌ಳ ತಾತ ಆರ್ವಿಲ್. ಹೋದ ಚಳಿಗಾಲದಲ್ಲಿ ತಾತ ತೀರಿಕೊಂಡ ಮೇಲೆ ಅವನ ಡಬ್ಬಿ ಟೆಸ್‌ಳದಾಗಿತ್ತು.

ಅಜ್ಜಿ ಬೈಯಲಿಲ್ಲ. ಕಾಫಿ ಲೋಟ ನೋಡುತ್ತಾ ಹಳೆಯ ಕತೆ ಹೇಳಿದಳು.

ತಾತನ ಮನೆಯಲ್ಲಿ ಮಗು ಹುಟ್ಟಿದಾಗಲೆಲ್ಲ ಅವರಪ್ಪ ಬ್ಯಾಂಕಿಗೆ ಹೋಗಿ ಆ ವರ್ಷದ ಬೆಳ್ಳಿ ಡಾಲರ್ ತರುತ್ತಿದ್ದರಂತೆ. ಅಕ್ಕ ಆಲ್ಮಾಗೆ ಮೂವತ್ತನಾಲ್ಕರದ್ದು, ಅಣ್ಣನಿಗೆ ಮೂವತ್ತೈದರದ್ದು. ತಾತ ಹುಟ್ಟುವ ಹೊತ್ತಿಗೆ ಸರ್ಕಾರ ಬೆಳ್ಳಿ ಡಾಲರ್ ಮಾಡುವುದನ್ನೇ ನಿಲ್ಲಿಸಿತ್ತು. “ನೀನು ಒಂದು ಡಾಲರ್‌ಗೂ ಬಾಳಲ್ಲ ಕಣೋ” ಎಂದು ಆಲ್ಮಾ ಅವನನ್ನು ಮುದುಕನಾಗುವವರೆಗೂ ಛೇಡಿಸಿದಳು. ತಾತನಿಗೆ ಎಪ್ಪತ್ತು ತುಂಬಿದ ವರ್ಷ ಅವಳೇ, ಊರಾಚೆ ನಾಣ್ಯ ಒತ್ತುವ ಹಳೇ ಪ್ರೆಸ್ ಇಟ್ಟುಕೊಂಡಿದ್ದವನ ಹತ್ತಿರ ಹೋಗಿ, ತನ್ನ ಮೂವತ್ತನಾಲ್ಕರ ಡಾಲರಿನ ಮೇಲೆಯೇ ಹೊಸ ಅಚ್ಚು ಹೊಡೆಸಿ ಮೂವತ್ತೇಳು ಮಾಡಿಸಿಕೊಂಡು ಬಂದಳು. ತಾತ ಕೇಕ್ ಮುಂದೆ ಕೂತು ಮಗುವಿನ ಹಾಗೆ ಅತ್ತುಬಿಟ್ಟನಂತೆ.

ಟೆಸ್ ಹಾಲ್‌ನ ಆ ತುದಿಯ ಮಕ್ಕಳ ಮೇಜಿನ ಕಡೆ ತಿರುಗಿ ನೋಡಿದಳು. ಸರ್ಕಾರದ ಟಂಕಸಾಲೆಯದ್ದು, ಭಾರೀ ಅಪರೂಪದ್ದು ಎಂದು ವೆಂಡೆಲ್‌ಗೆ ಕೊಚ್ಚಿಕೊಂಡಿದ್ದಳಲ್ಲ!

“ಹಾಗಾದ್ರೆ ಅದು ಖೋಟಾನಾ? ಪೊಲೀಸ್ರು ಹಿಡೀತಾರಾ?”

“ಹಿಡಿಯೋದಿಲ್ಲ ಮರಿ. ನಿಜವಾದ ಡಾಲರ್ ಮೇಲೇ ಹೊಡೆದಿದ್ದು. ಅದನ್ನ ಸರ್ಕಾರದ್ದೇ ಅಂತ ನಂಬಿಸಿ ಕೊಟ್ರೆ ತಪ್ಪು. ಇಲ್ಲೇ ನೋಡು, ಕೆಲವರು ಅಂಥಾದ್ದನ್ನ ಮುಟ್ಟೋದೂ ಇಲ್ಲ, ಕೆಲವರು ಹುಡುಕ್ಕೊಂಡು ಬರ್ತಾರೆ. ಗೊತ್ತಿದ್ದು ತಗೋಬೇಕು, ಅಷ್ಟೇ.”

ಟೆಸ್ ಮಕ್ಕಳ ಮೇಜಿಗೆ ಓಡಿದಳು. ಅವಳಿಗೆ ಆ ಡಾಲರ್ ಬೇಕೇ ಬೇಕಿತ್ತು.

“ವೆಂಡೆಲ್, ಅದು ಟಂಕಸಾಲೆದಲ್ವಂತೆ.”

ವೆಂಡೆಲ್‌ನ ಮುಖ ಬಿಳಿಚಿಕೊಂಡಿತು. “ಅಂದ್ರೆ? ನನ್ನ ಹತ್ರ ಇದ್ರೆ ಪೊಲೀಸ್ರು ಬರ್ತಾರಾ?”

ಹೂಂ ಅಂದರೆ ಸಾಕಿತ್ತು. ಅವನು ಆ ಕ್ಷಣವೇ ಡಾಲರನ್ನು ಅವಳ ಕೈಗೆ ಹಾಕುತ್ತಿದ್ದ. ಹೂಂ ಎನ್ನುವುದು ಟೆಸ್‌ಳ ನಾಲಿಗೆಯ ತುದಿಗೇ ಬಂದಿತ್ತು.

“ಬರಲ್ಲ,” ಎಂದಳು. ಆಮೇಲೆ ಆಲ್ಮಾ, ಪ್ರೆಸ್, ಕೇಕ್, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ನಾಲ್ಕು ಅರ್ಧ ಡಾಲರನ್ನು ಅವನ ಮುಂದಿಟ್ಟಳು. ತನಗೂ ಗೊತ್ತಿರಲಿಲ್ಲ, ಬೇಡ ಅನಿಸಿದರೆ ವಾಪಸ್ ಕೊಡಬಹುದು ಎಂದಳು. ಬೇಡ ಅನ್ನಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ವೆಂಡೆಲ್ ಭೂತಗನ್ನಡಿ ಹಿಡಿದು ಬಗ್ಗಿದ. ಬಹಳ ಹೊತ್ತು ನೋಡಿದ.

“ಏಳರ ಕೆಳಗೆ ಒಂಚೂರು ನಾಲ್ಕು ಕಾಣ್ಸುತ್ತೆ ಕಣೇ. ಅವರಕ್ಕಂದು.” ಅರ್ಧ ಡಾಲರುಗಳನ್ನು ಅವಳ ಕಡೆಗೇ ತಳ್ಳಿದ. “ನಂಗೆ ಇದೇ ಇರ್ಲಿ.”

ಟೆಸ್‌ಳ ಕಣ್ಣು ತುಂಬಿತು. ಆದರೂ ಅರ್ಧ ಡಾಲರುಗಳನ್ನು ಎತ್ತಿಕೊಂಡಳು. ಹೇಳಬೇಕಾದ್ದನ್ನೆಲ್ಲ ಹೇಳಿಯಾಗಿತ್ತು.

ವೆಂಡೆಲ್ ಡಾಲರನ್ನು ಸಿಕ್ಕಿಸಿದ್ದ ಚೌಕದ ರಟ್ಟನ್ನು ತೆಗೆದುಕೊಂಡ. ಅದರ ಮೇಲೆ ತಾನೇ ಬರೆದಿದ್ದ ‘ಭಾರೀ ಅಪರೂಪ’ ಎಂಬುದನ್ನು ಹೊಡೆದುಹಾಕಿದ.

“ನಿಮ್ ತಾತನ ಪೂರ್ತಿ ಹೆಸರೇನು?”

“ಆರ್ವಿಲ್ ಹ್ಯಾಸ್ಕೆಟ್. ಯಾಕೆ?”

“ನಾನು ಮುಂದೆ ಯಾರಿಗಾದ್ರೂ ಕೊಟ್ರೆ ಅವರಿಗೂ ಗೊತ್ತಾಗ್ಬೇಕಲ್ಲ.”

ಅವನು ನಾಲಿಗೆ ಕಚ್ಚಿಕೊಂಡು, ಇರುಕಿ ಇರುಕಿ ಬರೆದ: ‘ಟಂಕಸಾಲೆಯದ್ದಲ್ಲ. ಆರ್ವಿಲ್ ಹ್ಯಾಸ್ಕೆಟ್ ಹುಟ್ಟಿದ ವರ್ಷದ ಡಾಲರ್. ಅಕ್ಕ ಆಲ್ಮಾ ಮಾಡಿಸಿಕೊಟ್ಟಿದ್ದು.’

ಟೆಸ್ ಅದನ್ನು ಎರಡು ಸಲ ಓದಿದಳು. ಡಬ್ಬಿಯಲ್ಲಿದ್ದಾಗ ಅದರ ಮೇಲೆ ತಾತನ ಹೆಸರೇ ಇರಲಿಲ್ಲ. ಅದು ಎಲ್ಲಿಂದ ಬಂತು ಎಂದು ಅವಳು ಕೂಡ ಕೇಳಿರಲಿಲ್ಲ. ಅವಳು ಕೈ ಚಾಚಿದಳು. ವೆಂಡೆಲ್ ಕುಲುಕಿದ.